ಊರು ಬಿಟ್ಟ ತಂಡ, ಬೆಂಚಿನ ಮೇಲಿದ್ದ ಆಟಗಾರ: 1999ರ ಸೇಂಟ್ ಲೂಯಿಸ್ ರ‍್ಯಾಮ್ಸ್

ವಿಷಯ ನೋಡಿ "ಇವನಿಗೇನಾಯ್ತಪ್ಪಾ, ಅಮೆರಿಕನ್ ಫುಟ್‌ಬಾಲ್‌ಗೆ ಇಳಿದ" ಅಂದ್ಕೊಂಡ್ರೆ ತಪ್ಪಿಲ್ಲ. ನನಗೂ ಈ ಆಟ ಗೊತ್ತಿರಲಿಲ್ಲ. ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಕಡೆ ಸೇಂಟ್ ಲೂಯಿಸ್‌ನವರೊಬ್ಬರಿದ್ದಾರೆ. ರಾತ್ರಿ ಕಾಲ್‌ನಲ್ಲಿ ಬಿಲ್ಡ್ ಮುಗಿಯೋದನ್ನ ಕಾಯ್ತಾ ಕೂತಾಗ ಒಮ್ಮೆ ಸುಮ್ಮನೆ "ನಿಮ್ಮೂರಿನ ಫುಟ್‌ಬಾಲ್ ತಂಡ ಯಾವುದು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಈಗ ಇಲ್ಲ" ಅಂದ್ರು. ಯಾಕಿಲ್ಲ ಅಂತ ಹುಡುಕ್ತಾ ಹೋದಾಗ ಈ ಕತೆ ಸಿಕ್ತು.

ಮೊದಲು ಆಟ, ಚುಟುಕಾಗಿ. ಚೆಂಡು ಕೈಯಲ್ಲಿರೋ ತಂಡಕ್ಕೆ ನಾಲ್ಕು ಪ್ರಯತ್ನ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತೆ, ಇಲ್ಲದಿದ್ರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಚೆಂಡನ್ನ ಯಾರಿಗೆ ಎಸೀಬೇಕು, ಯಾರ ಕೈಗೆ ಕೊಡಬೇಕು ಅಂತ ಮೈದಾನದಲ್ಲಿ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಅವನು ಬಿದ್ದರೆ ಸಾಮಾನ್ಯವಾಗಿ ಆ ವರ್ಷ ಮುಗಿದ ಹಾಗೆ.

ಈ ರ‍್ಯಾಮ್ಸ್ ತಂಡ ನಮ್ಮ ಹಾಗೇ, ಹುಟ್ಟಿದ ಊರಲ್ಲಿ ಇದ್ದದ್ದಲ್ಲ. ಹುಟ್ಟಿದ್ದು ಕ್ಲೀವ್‌ಲ್ಯಾಂಡ್‌ನಲ್ಲಿ. 1945ರಲ್ಲಿ ಅಲ್ಲಿ ಚಾಂಪಿಯನ್ ಆಯ್ತು, ಮರುವರ್ಷವೇ ಲಾಸ್ ಏಂಜಲೀಸ್‌ಗೆ ಹೋಯ್ತು. 1995ರಲ್ಲಿ ಸೇಂಟ್ ಲೂಯಿಸ್‌ಗೆ ಬಂತು. ಆ ಊರಿನವರಿಗೂ ಇದು ಹೊಸ ಗಾಯ ಅಲ್ಲ. ಅವರ ಹಳೆಯ ಫುಟ್‌ಬಾಲ್ ತಂಡ ಕಾರ್ಡಿನಲ್ಸ್ 1988ರಲ್ಲಿ ಅರಿಜೋನಾಗೆ ಹೊರಟುಹೋಗಿತ್ತು. ತಮ್ಮ ತಂಡ ಕಳಕೊಂಡವರು ಜನರ ದುಡ್ಡಿನಲ್ಲಿ ದೊಡ್ಡ ಮುಚ್ಚಿದ ಕ್ರೀಡಾಂಗಣ ಕಟ್ಟಿ ಇನ್ನೊಂದು ಊರಿನ ತಂಡ ಕರೆಸಿಕೊಂಡರು. ಬಂದ ತಂಡವಾದರೂ ಎಂಥದು? 1989ರ ನಂತರ ಒಂದು ವರ್ಷವೂ ಸೋಲಿಗಿಂತ ಗೆಲುವು ಹೆಚ್ಚಾಗಿರಲಿಲ್ಲ. 1998ರಲ್ಲಿ 16 ಪಂದ್ಯದಲ್ಲಿ ಗೆದ್ದದ್ದು ನಾಲ್ಕು.

ಕೋಚ್ ಡಿಕ್ ವರ್ಮೀಲ್. ಹಿಂದೆ ಫಿಲಡೆಲ್ಫಿಯಾ ತಂಡದಲ್ಲಿ ಹಗಲು ರಾತ್ರಿ ದುಡಿದು, ಸುಸ್ತಾಗಿ, 1982ರ ಸೀಸನ್ ಮುಗಿದ ಮೇಲೆ ಕೋಚಿಂಗನ್ನೇ ಬಿಟ್ಟಿದ್ದವರು. ಬರ್ನ್‌ಔಟ್ ಅನ್ನೋ ಪದ ಅವರೇ ಬಾಯಿಬಿಟ್ಟು ಬಳಸಿದ್ರು. ಅಂಥವರು 1997ರಲ್ಲಿ ವಾಪಸ್ ಬಂದ್ರು, ಎರಡು ವರ್ಷ ಸೋತ್ರು. 1999ಕ್ಕೆ ತಯಾರಿ ಜೋರಾಗಿತ್ತು. ಇಂಡಿಯಾನಾಪೊಲಿಸ್‌ನಿಂದ ಮಾರ್ಷಲ್ ಫಾಕ್ ಅನ್ನೋ ಅದ್ಭುತ ಓಟಗಾರ ಬಂದ, ಟ್ರೆಂಟ್ ಗ್ರೀನ್ ಅನ್ನೋ ಹೊಸ ಕ್ವಾರ್ಟರ್‌ಬ್ಯಾಕ್ ಬಂದ. ಆಗಸ್ಟ್ 28ರಂದು, ಲೆಕ್ಕಕ್ಕಿಲ್ಲದ ಅಭ್ಯಾಸ ಪಂದ್ಯದಲ್ಲಿ, ಗ್ರೀನ್ ಮೊಣಕಾಲು ಮುರಿದ ಹಾಗಾಯ್ತು. ವರ್ಷಪೂರ್ತಿ ಔಟ್. ಪತ್ರಕರ್ತರ ಮುಂದೆ ವರ್ಮೀಲ್ ಕಣ್ಣೀರು ತಡೆಯೋಕಾಗದೆ, ಬದಲಿ ಆಟಗಾರನ ಹಿಂದೆ ನಾವೆಲ್ಲ ನಿಲ್ತೀವಿ, ಚೆನ್ನಾಗೇ ಆಡ್ತೀವಿ ಅಂದ್ರು. ನಂಬಿದವರು ಕಡಿಮೆ.

ಯಾಕಂದ್ರೆ ಆ ಬದಲಿ ಆಟಗಾರ ಕರ್ಟ್ ವಾರ್ನರ್. ವಯಸ್ಸು 28. 1994ರಲ್ಲಿ ಗ್ರೀನ್ ಬೇ ತಂಡ ಅವನನ್ನ ಟ್ರೈನಿಂಗ್ ಕ್ಯಾಂಪ್‌ನಿಂದಲೇ ಮನೆಗೆ ಕಳಿಸಿತ್ತು. ಆಮೇಲೆ ಅಯೋವಾದ ಸೀಡರ್ ಫಾಲ್ಸ್‌ನಲ್ಲಿ ಹೈ-ವೀ ಅನ್ನೋ ಕಿರಾಣಿ ಅಂಗಡಿಯಲ್ಲಿ ರಾತ್ರಿ ಪಾಳಿ, ಗಂಟೆಗೆ ಐದೂವರೆ ಡಾಲರ್, ಶೆಲ್ಫ್‌ಗೆ ಸಾಮಾನು ಜೋಡಿಸೋ ಕೆಲಸ. ಅಲ್ಲಿಂದ ಒಳಾಂಗಣದ ಅರೇನಾ ಫುಟ್‌ಬಾಲ್, ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್. 1998ರಲ್ಲಿ ರ‍್ಯಾಮ್ಸ್ ಸೇರಿ ಇಡೀ ವರ್ಷಕ್ಕೆ ಎಸೆದದ್ದು 11 ಪಾಸ್. 1999ರ ಶುರುವಿನಲ್ಲಿ ಹೊಸದಾಗಿ ಹುಟ್ಟಿದ ಕ್ಲೀವ್‌ಲ್ಯಾಂಡ್ ತಂಡ ಬೇಕಾದ್ರೆ ಇವನನ್ನ ತಗೊಳ್ಳಲಿ ಅಂತ ರ‍್ಯಾಮ್ಸೇ ಬಿಟ್ಟುಕೊಟ್ಟಿತ್ತು. ಅವರೂ ತಗೊಳ್ಳಲಿಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಬೆಂಚ್‌ನಲ್ಲಿದ್ದವನು, ರಿಲೀಸ್ ಲಿಸ್ಟ್‌ನಲ್ಲೂ ಇದ್ದವನು.

ಮೊದಲ ಆರು ಪಂದ್ಯ ಆರೂ ಗೆಲುವು! ನಾಲ್ಕನೆಯದು ಸ್ಯಾನ್ ಫ್ರಾನ್ಸಿಸ್ಕೋ ವಿರುದ್ಧ. ಆ ತಂಡಕ್ಕೆ ರ‍್ಯಾಮ್ಸ್ ಸತತ 17 ಸಲ ಸೋತಿತ್ತು. ಅವತ್ತು 42-20. ಐಸಾಕ್ ಬ್ರೂಸ್ ಒಬ್ಬನೇ ವಾರ್ನರ್ ಎಸೆದ ನಾಲ್ಕು ಟಚ್‌ಡೌನ್ ಹಿಡಿದ. ಸೀಸನ್ ಮುಗಿದಾಗ 13 ಗೆಲುವು, 3 ಸೋಲು, 526 ಅಂಕ. ವಾರ್ನರ್ ಪಾಸ್‌ಗಳಿಂದ 41 ಟಚ್‌ಡೌನ್, ಲೀಗಿನ ಅತ್ಯುತ್ತಮ ಆಟಗಾರ. ಫಾಕ್ ಓಡಿ ಸಾವಿರ ಗಜ, ಪಾಸ್ ಹಿಡಿದು ಸಾವಿರ ಗಜ. ಒಂದೇ ಸೀಸನ್‌ನಲ್ಲಿ ಎರಡೂ ಸಾಧಿಸಿದ ಎರಡನೆಯವನು ಮಾತ್ರ. ಇಷ್ಟೆಲ್ಲ ಅಂಕ ಬಾರಿಸುತ್ತಿದ್ದ ತಂಡ ಸೂಪರ್ ಬೌಲ್‌ಗೆ ಹೋಗಿದ್ದು ಟ್ಯಾಂಪಾ ಬೇ ವಿರುದ್ಧ ಬರೀ 11-6ರಿಂದ, ಅದೂ ಕೊನೆಯ ಐದು ನಿಮಿಷದೊಳಗೆ ರಿಕ್ಕಿ ಪ್ರೋಲ್ ಹಿಡಿದ ಒಂದು ಪಾಸ್‌ನಿಂದ.

2000ದ ಜನವರಿ 30, ಅಟ್ಲಾಂಟಾ. ಎದುರಾಳಿ ಟೆನೆಸಿ ಟೈಟನ್ಸ್, ರ‍್ಯಾಮ್ಸ್‌ಗೆ ಆ ಸೀಸನ್‌ನ ಮೊದಲ ಸೋಲು ಉಣಿಸಿದವರು. ಇದನ್ನ ಓದಿದಾಗ ನನಗೆ ಮೈ ಜುಂ ಅಂತು: ಅವರೂ ವಲಸೆಯವರೇ! 1996ರ ತನಕ ಹ್ಯೂಸ್ಟನ್‌ನಲ್ಲಿದ್ದ ಆಯ್ಲರ್ಸ್ ತಂಡ ಅದು. ಹಾಗಾಗಿ ಅವತ್ತು ಮೈದಾನದಲ್ಲಿದ್ದದ್ದು ಊರು ಬಿಟ್ಟು ಬಂದ ಎರಡು ತಂಡಗಳು. ಲಾಸ್ ಏಂಜಲೀಸ್‌ನಲ್ಲೂ ಹ್ಯೂಸ್ಟನ್‌ನಲ್ಲೂ ಟಿವಿ ಮುಂದೆ ಕೂತವರಿಗೆ ಹೇಗನ್ನಿಸಿರಬೇಡ.

ರ‍್ಯಾಮ್ಸ್ 16-0 ಮುಂದಿತ್ತು. ಟೈಟನ್ಸ್ ಬಿಡದೆ ಹಿಡಿದು 16-16 ಮಾಡಿದರು. ಎರಡು ನಿಮಿಷ ಚಿಲ್ಲರೆ ಬಾಕಿ. ವಾರ್ನರ್ ಮೈಮೇಲೆ ಎದುರಾಳಿ ಬೀಳೋ ಹೊತ್ತಿಗೆ ಚೆಂಡು ಕೈಬಿಟ್ಟಿತ್ತು, ಸ್ವಲ್ಪ ಕಡಿಮೆಯೇ ಬಂತು. ಬ್ರೂಸ್ ಹಿಂದೆ ಸರಿದು ಹಿಡಿದು ಓಡಿದ, ಒಟ್ಟು 73 ಗಜ. 23-16. ಟೈಟನ್ಸ್ ಮತ್ತೆ ಇಡೀ ಮೈದಾನ ದಾಟಿ ಹತ್ತು ಗಜ ದೂರಕ್ಕೆ ಬಂದರು. ಆರು ಸೆಕೆಂಡ್. ಕೆವಿನ್ ಡೈಸನ್ ಪಾಸ್ ಹಿಡಿದ. ಮೈಕ್ ಜೋನ್ಸ್ ಬೇರೊಬ್ಬನ ಕಡೆ ಓಡ್ತಿದ್ದವನು ತಿರುಗಿ ಅವನ ಕಾಲಿಗೆ ಜೋತುಬಿದ್ದ. ಕಬಡ್ಡಿಯಲ್ಲಿ ಗೆರೆ ಮುಟ್ಟೋಕೆ ಕೈ ಚಾಚ್ತಾರಲ್ಲ, ಡೈಸನ್ ಹಾಗೇ ಚಾಚಿದ. ಒಂದು ಗಜ ಸಾಲಲಿಲ್ಲ. ಗಡಿಯಾರ ಸೊನ್ನೆ. ವರ್ಮೀಲ್ ಎರಡೇ ದಿನದಲ್ಲಿ ನಿವೃತ್ತಿ ಹೇಳಿದ್ರು.

ಇನ್ನು ಕಾಂಟ್ರಾಕ್ಟ್ ಓದಿ ಅಭ್ಯಾಸ ಇರೋರಿಗೆ ಒಂದು ವಿಷಯ. ಕ್ರೀಡಾಂಗಣದ ಗುತ್ತಿಗೆಯಲ್ಲಿ ಒಂದು ಷರತ್ತಿತ್ತು: ನಿಗದಿತ ವರ್ಷಗಳಲ್ಲಿ ಅದು ಲೀಗಿನ ಅತ್ಯುತ್ತಮ ಕಾಲು ಭಾಗದೊಳಗೆ ಇರಬೇಕು, ಇಲ್ಲದಿದ್ರೆ ತಂಡ ಗುತ್ತಿಗೆ ಮುರೀಬಹುದು. ಮಿಕ್ಕ ಊರುಗಳು ಹೊಸದು ಕಟ್ತಾನೇ ಇದ್ದರೆ ಯಾರು ತಾನೇ ಪೂರೈಸೋಕಾಗುತ್ತೆ? ಸಹಿ ಹಾಕುವಾಗ ತಂಡ ಬಂದರೆ ಸಾಕಿತ್ತು ಅವರಿಗೆ. 2013ರಲ್ಲಿ ಮಧ್ಯಸ್ಥಗಾರರು ತಂಡದ ಪರ ತೀರ್ಪು ಕೊಟ್ಟರು, ಕೇಳಿದಷ್ಟು ಖರ್ಚು ಮಾಡೋಕೆ ಊರು ಒಪ್ಪಲಿಲ್ಲ, 2016ರಲ್ಲಿ ರ‍್ಯಾಮ್ಸ್ ವಾಪಸ್ ಲಾಸ್ ಏಂಜಲೀಸ್. ತಂಡ ಹೋದ ಮೇಲೂ ಕ್ರೀಡಾಂಗಣದ ಸಾಲದ ಕಂತು ಊರಿನ ತಲೆ ಮೇಲೇ ಇತ್ತು. ಕೋರ್ಟಿಗೆ ಹೋಗಿ 2021ರಲ್ಲಿ 79 ಕೋಟಿ ಡಾಲರ್ ಪರಿಹಾರ ಗಿಟ್ಟಿಸಿಕೊಂಡರು, ತಂಡ ಬರಲಿಲ್ಲ.

2022ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಮತ್ತೆ ಸೂಪರ್ ಬೌಲ್ ಗೆದ್ದಿತು. ನೋಡಿದ್ರಾ ಅಂತ ನಮ್ಮ ಸೇಂಟ್ ಲೂಯಿಸ್ ಸಾಹೇಬರನ್ನ ಕೇಳಿದೆ. ಅವತ್ತು ರಾತ್ರಿ ಟಿವಿ ಹಾಕಲಿಲ್ಲವಂತೆ. 1999ರ ಜೆರ್ಸಿ ಬಿಸಾಕಿಬಿಟ್ರಾ ಅಂದೆ. "ಇಲ್ಲ ಇಲ್ಲ, ಅದು ನಮ್ದು," ಅಂದ್ರು, ಬಿಲ್ಡ್ ಫೇಲಾಗಿದೆ ನೋಡು ಅಂತ ಮಾತು ಬದಲಿಸಿದ್ರು.