ಹೂಗ್ಲಿಯ ಹಡಗುದಾರಿ ಮತ್ತು ಟೋಪಾಸನ ಪೊರಕೆ

ಕಲ್ಕತ್ತೆಯ ಗಾರ್ಡನ್ ರೀಚ್ ಕಡೆ ಹೂಗ್ಲಿ ನದಿಯ ದಂಡೆಯಲ್ಲಿ ನಿಂತರೆ ಈಗಲೂ ಹಡಗುಗಳು ಹೋಗಿಬರುವುದು ಕಾಣುತ್ತದೆ. ಕಂಟೇನರು ಹೊತ್ತ ಹಡಗು, ಅದನ್ನು ಮುಂದೆ ಹಿಂದೆ ಹಿಡಿದು ಡಾಕಿನ ಬಾಗಿಲಿಗೆ ತಿರುಗಿಸುವ ಟಗ್ಗುಗಳು, ಬಾಂಗ್ಲಾದೇಶಕ್ಕೆ ಹಾರುಬೂದಿ ಸಾಗಿಸುವ ಬಾರ್ಜುಗಳು. ನೀರಿಗೆ ಅಂಚು ತಾಗುವ ಹಾಗೆ ತುಂಬಿದ ಬಾರ್ಜು ಹೋಗುವಾಗ ನೋಡುವವರ ಎದೆಯೇ ಝಲ್ಲೆನ್ನುತ್ತದೆ. ನೋಡಲು ಚೆಂದವೂ ಹೌದು. ಇಂಥ ನೋಟ ಸಿಕ್ಕರೆ ನಮ್ಮ ಸೌಂದರ್ಯೋಪಾಸಕ ಕವಿಗಳು ಒಂದು ಸಂಕಲನವನ್ನೇ ಬರೆದುಬಿಟ್ಟಾರು. ನಾವು ಕೇಳುವ ಪ್ರಶ್ನೆ ಬೇರೆ. ಈ ದಾರಿಯಲ್ಲಿ ಏನೇನು ಹೋಯಿತು, ಯಾರು ಯಾರು ಹೋದರು, ಮನುಷ್ಯರನ್ನು ಸರಕಿನ ಹಾಗೆ ಪಟ್ಟಿಯಲ್ಲಿ ಬರೆದುಕೊಂಡವರು ಯಾರು?

ಹೂಗ್ಲಿ ಸುಲಭದ ನದಿಯಲ್ಲ. ಸಮುದ್ರದಿಂದ ಕಲ್ಕತ್ತೆಗೆ ಸುಮಾರು 200 ಕಿಲೋಮೀಟರ್ ದಾರಿ. ಉದ್ದಕ್ಕೂ ಮರಳದಿಣ್ಣೆ, ಹೂಳು, ತಿರುವು. 1694ರಲ್ಲಿ ಒಡೆದುಹೋದ ಒಂದು ಹಡಗಿನಿಂದಾಗಿ ಇಲ್ಲಿನ ಒಂದು ದಿಣ್ಣೆಗೆ 'ಜೇಮ್ಸ್ ಅಂಡ್ ಮೇರಿ' ಅಂತಲೇ ಹೆಸರು. ಉಬ್ಬರದ ಹೊತ್ತು ನೋಡಿ, ನದಿಯ ಆಳ ಬಲ್ಲ ಪೈಲಟ್ ಹತ್ತಿ ನಿಂತರೆ ಮಾತ್ರ ದೊಡ್ಡ ಹಡಗು ಅಲ್ಲಾಡಬೇಕು. ಹಾಯಿಹಡಗಿನ ಕಾಲದಲ್ಲಿ ಗಾಳಿ ಕೈಕೊಟ್ಟರೆ ದಿನಗಟ್ಟಲೆ ಕಾಯಬೇಕಾಗಿತ್ತು. ಅದಕ್ಕೇ ಉಗಿ ಟಗ್ಗು ಬಂತು. 1829ರಲ್ಲಿ ಕಲ್ಕತ್ತೆಯಲ್ಲೇ ಕಟ್ಟಿದ 'ಫೋರ್ಬ್ಸ್' ಎಂಬ ಟಗ್ಗು ಮರುವರ್ಷ 'ಜಮೇಸಿನಾ' ಎಂಬ ಹಡಗನ್ನು ಹಗ್ಗ ಕಟ್ಟಿ ಎಳೆದುಕೊಂಡು ಚೀನಾ ದಿಕ್ಕಿಗೆ ಹೊರಟಿತು. ಜಮೇಸಿನಾದ ಹೊಟ್ಟೆಯಲ್ಲಿ ಇದ್ದದ್ದು ಅಫೀಮು. ಬಿಹಾರ, ಬನಾರಸ್ ಕಡೆಯ ರೈತರ ಕೈಲಿ ಕಂಪನಿ ಮುಂಗಡ ಕೊಟ್ಟು ಬೆಳೆಸಿದ ಅಫೀಮು. ವಿಜ್ಞಾನ ಬಂತು, ಪ್ರಗತಿ ಬಂತು ಅಂತ ಹೇಳುವವರು ಅದು ಮೊದಲಿಗೆ ಏನನ್ನು ಎಳೆಯಿತು ಅನ್ನೋದನ್ನೂ ಹೇಳಬೇಕು.

ಆಮೇಲೆ ಮನುಷ್ಯರ ಸರದಿ. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಿತು. ಪರಿಹಾರ ಕೊಟ್ಟದ್ದು ಗುಲಾಮರಿಗಲ್ಲ, ಗುಲಾಮರ ಒಡೆಯರಿಗೆ: 2 ಕೋಟಿ ಪೌಂಡು. ಕಬ್ಬಿನ ತೋಟಗಳು ಮಾತ್ರ ಹಾಗೇ ನಿಂತಿದ್ದವು, ಕಬ್ಬು ಕಡಿಯಲು ಕೈ ಬೇಕಾಗಿತ್ತು. 1834ರಲ್ಲೇ 'ಅಟ್ಲಾಸ್' ಎಂಬ ಹಡಗು ಕಲ್ಕತ್ತೆಯಿಂದ 36 ಜನ ಕೂಲಿಗಳನ್ನು ಮಾರಿಷಸ್ಸಿಗೆ ಒಯ್ದಿತು. 1836ರ ಜನವರಿಯಲ್ಲಿ ಜಾನ್ ಗ್ಲಾಡ್‌ಸ್ಟನ್ ಎಂಬ ತೋಟದೊಡೆಯ ಕಲ್ಕತ್ತೆಯ ಗಿಲಾಂಡರ್ಸ್ ಅರ್ಬತ್‌ನಾಟ್ ಕಂಪನಿಗೆ ಪತ್ರ ಬರೆದು ತನ್ನ ಗಯಾನಾ ತೋಟಗಳಿಗೆ ಆಳು ಕೇಳಿದ. ಈತನ ಮಗನೇ ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಗ್ಲಾಡ್‌ಸ್ಟನ್. ಕಂಪನಿ ಕೊಟ್ಟ ಉತ್ತರದಲ್ಲಿ ಛೋಟಾನಾಗಪುರದ ಆದಿವಾಸಿಗಳನ್ನು ಮಂಗಗಳಿಗೆ ಹೋಲಿಸಿತ್ತು. 1838ರಲ್ಲಿ 'ವಿಟ್ಬಿ', 'ಹೆಸ್ಪೆರಸ್' ಎಂಬ ಎರಡು ಹಡಗು ಹೂಗ್ಲಿಯಿಂದ ಗಯಾನಾಕ್ಕೆ ಹೊರಟವು. ಹೀಗೆ ಶುರುವಾದ ಈ ಕಾಗದದ ಜೀತ ಮಾರಿಷಸ್, ಟ್ರಿನಿಡಾಡ್, ನೇಟಾಲ್, ಸುರಿನಾಮ್, ಫಿಜಿ ಅಂತ ಹಬ್ಬಿ, 1917ರವರೆಗೆ ಹನ್ನೆರಡು ಲಕ್ಷಕ್ಕೂ ಮಿಕ್ಕ ಜನರನ್ನು ಸಾಗಿಸಿತು. ಹೆಚ್ಚಿನವರು ಹತ್ತಿದ್ದು ಇದೇ ನದಿಯ ದಡದಲ್ಲಿ.

ಒಪ್ಪಂದ 5 ವರ್ಷದ್ದು. 'ಅಗ್ರಿಮೆಂಟು' ಅನ್ನುವುದು ಜನರ ಬಾಯಲ್ಲಿ 'ಗಿರ್ಮಿಟ್' ಆಯಿತು, ಹೋದವರು ಗಿರ್ಮಿಟಿಯಾಗಳಾದರು. ಫಿಜಿಯಲ್ಲಿ ಗಂಡಾಳಿಗೆ ದಿನಕ್ಕೆ 1 ಶಿಲಿಂಗು, ಹೆಣ್ಣಾಳಿಗೆ 9 ಪೆನ್ಸು ಅಂತ ಬರೆದಿತ್ತು. ಅದೂ ಗೊತ್ತುಮಾಡಿದ ಕೆಲಸ ಮುಗಿದರೆ. ಮುಗಿಯದಿದ್ದರೆ ಕೂಲಿಗೆ ಕತ್ತರಿ, ಕೆಲಸ ಬಿಟ್ಟು ಹೋದರೆ ಜೈಲು. ಕೂಲಿ ತಪ್ಪಿಸಿಕೊಂಡರೆ ಅದು ಕ್ರಿಮಿನಲ್ ಅಪರಾಧ! ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಮನುಷ್ಯನನ್ನು ಕಟ್ಟಿಹಾಕುವ ಈ ವಿದ್ಯೆಯನ್ನು ನಮ್ಮ ಹೊಲೆಗೇರಿ ಮಾದಿಗೇರಿಗಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಜೀತ ರದ್ದಿನ ಕಾನೂನು ಬಂದದ್ದೇ 1976ರಲ್ಲಿ.

ಡಿಪೋದಲ್ಲಿ ಡಾಕ್ಟರು ಮೈ ಮುಟ್ಟಿ ನೋಡಿ ಪಾಸು ಮಾಡುತ್ತಿದ್ದ. ನಂಬರಿನ ತಗಡು ಕೊಡುತ್ತಿದ್ದರು. ಆಮೇಲೆ ಟಗ್ಗು ಹಾಯಿಹಡಗಿಗೆ ಹಗ್ಗ ಬಿಗಿದು ನದಿ ಇಳಿಯುತ್ತಿತ್ತು. ಸಮುದ್ರ ಸಿಕ್ಕ ಮೇಲೆ ಹಗ್ಗ ಬಿಚ್ಚಿ ಟಗ್ಗು ವಾಪಸು ಬರೋದು, ಇನ್ನೊಂದು ಹಡಗು ಎಳೆಯೋದಕ್ಕೆ. ಹಡಗಿನವರು ವಾಪಸು ಬರುವ ಮಾತು ದೂರ. ಕೆರಿಬಿಯನ್ನಿಗೆ ಮೂರು ತಿಂಗಳಿಗೂ ಹೆಚ್ಚಿನ ದಾರಿ. 1856–57ರಲ್ಲಿ ಕಲ್ಕತ್ತೆಯಿಂದ ಆ ಕಡೆ ಹೋದ ಹಡಗುಗಳಲ್ಲಿ ನೂರಕ್ಕೆ 17ರಷ್ಟು ಜನ ದಾರಿಯಲ್ಲೇ ಸತ್ತರು. 1858ರಲ್ಲಿ ಟ್ರಿನಿಡಾಡಿಗೆ ಹೋದ 'ಸಾಲ್ಸೆಟ್' ಹಡಗಿನಲ್ಲಿ ಸತ್ತವರು ಮೂರರಲ್ಲಿ ಒಬ್ಬರಿಗೂ ಹೆಚ್ಚು. ಆ ಕ್ಯಾಪ್ಟನ್ನಿನ ದಿನಚರಿ ಅಚ್ಚಾಗಿರುವುದರಿಂದ ಇಷ್ಟು ಗೊತ್ತಾಗಿದೆ. ಪೀಪಾಯಿಗಳಲ್ಲಿ ತುಂಬಿದ ಹೂಗ್ಲಿಯ ನೀರಿನ ಮೇಲೆ ಆಗಿನ ಅಧಿಕಾರಿಗಳಿಗೇ ಅನುಮಾನವಿತ್ತು. ಭಕ್ತರು ಪಾಪ ತೊಳೆಯಲು ಮುಳುಗುವ ನೀರು ಕೂಲಿಯ ಹೊಟ್ಟೆಗೆ ಹೋಗಿ ಭೇದಿಯಾಯಿತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಹಡಗು ಹತ್ತಿದವರೆಲ್ಲ ಅಸ್ಪೃಶ್ಯರೇ ಆಗಿದ್ದರು ಅಂತ ನಾವು ಹೇಳುವುದಿಲ್ಲ. ಎಲ್ಲ ಜಾತಿಯ ಬಡವರೂ ಇದ್ದರು, ಮುಸಲ್ಮಾನರಿದ್ದರು, ಬ್ರಾಹ್ಮಣರೂ ಇದ್ದರು. ಪ್ರತಿಯೊಬ್ಬರ ಪಾಸಿನಲ್ಲೂ ಊರು, ತಂದೆಯ ಹೆಸರು, ಜಾತಿ ಬರೆದಿರುವುದರಿಂದ ಲೆಕ್ಕ ಸಿಗುತ್ತದೆ. ಫಿಜಿಯ ಗಿರ್ಮಿಟಿಯಾ ಕುಟುಂಬದಲ್ಲೇ ಹುಟ್ಟಿದ ಇತಿಹಾಸಕಾರ ಬ್ರಿಜ್ ಲಾಲ್ ಕಲ್ಕತ್ತೆಯಿಂದ ಫಿಜಿಗೆ ಹೋದ 45 ಸಾವಿರಕ್ಕೂ ಹೆಚ್ಚು ಪಾಸುಗಳನ್ನು ಕೂತು ಎಣಿಸಿದರು. ಅದರಲ್ಲಿ ಚಮ್ಮಾರರೇ ನೂರಕ್ಕೆ 13ರಷ್ಟು.

ಹಡಗಿನೊಳಗೆ ಜಾತಿ ಸತ್ತುಹೋಯಿತು ಅಂತ ಬರೆಯುವವರಿದ್ದಾರೆ. ಒಂದೇ ತಳದಲ್ಲಿ ಮಲಗಿ, ಒಂದೇ ಒಲೆಯ ಅನ್ನ ತಿಂದು 'ಜಹಾಜಿ ಭಾಯಿ'ಗಳಾದದ್ದು ನಿಜವೇ. ಆ ಸಂಬಂಧ ತೋಟಕ್ಕೆ ಹೋದ ಮೇಲೂ ಒಡಹುಟ್ಟಿದವರ ಹಾಗೆ ನಡೆದದ್ದೂ ನಿಜ. ಆದರೆ ಅಡುಗೆಯ ಭಂಡಾರಿಗಳನ್ನು ಮೇಲುಜಾತಿಯಿಂದ ಆರಿಸುತ್ತಿದ್ದರು. ಪಾಯಿಖಾನೆ ಬಳಿಯೋದಕ್ಕೆ, ವಾಂತಿ ತೊಳೆಯೋದಕ್ಕೆ 'ಟೋಪಾಸ್' ಅಂತ ಬೇರೆ ಜನ. ಅವರನ್ನು ಯಾವ ಕೇರಿಯಿಂದ ತೆಗೆದುಕೊಳ್ಳುತ್ತಿದ್ದರು ಅಂತ ಓದುಗರಿಗೆ ಹೇಳಬೇಕೆ? ನೆಲ ಬಿಟ್ಟರೂ ಪೊರಕೆ ಬಿಡಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಅಂತ ಶಾಸ್ತ್ರ ಹೇಳಿದವರು ಟೋಪಾಸನ ಜಾತಿ ಮಾತ್ರ ಕೆಡದ ಹಾಗೆ ನೋಡಿಕೊಂಡರು. ಬಿಳಿಯರ ಕಂಪನಿಗಳೂ ಅದನ್ನು ಖುಷಿಯಿಂದಲೇ ಒಪ್ಪಿಕೊಂಡವು, ಗಿರ್ಮಿಟ್ ಮುಗಿದ ಎಷ್ಟೋ ಕಾಲದ ಮೇಲೂ ಹಡಗುಗಳಲ್ಲಿ ಆ ಹುದ್ದೆ ಅದೇ ಹೆಸರಿನಲ್ಲಿ ಉಳಿದಿತ್ತು.

ಕುಂತಿಯ ಕತೆ ಹೇಳದೆ ಮುಂದೆ ಹೋಗಲಾರೆವು. ಗೋರಖಪುರ ಜಿಲ್ಲೆಯ ಚಮ್ಮಾರ ಹೆಣ್ಣುಮಗಳು, ಗಂಡನ ಜೊತೆ 1908ರಲ್ಲಿ ಫಿಜಿಗೆ ಹೋದವಳು. 1912ರ ಏಪ್ರಿಲ್‌ನಲ್ಲಿ ರೇವಾ ಪ್ರದೇಶದ ತೋಟವೊಂದರಲ್ಲಿ ಅವಳನ್ನು ಒಂಟಿಯಾಗಿ ಕಳೆ ಕೀಳಲು ಹಾಕಿದರು. ಓವರ್‌ಸಿಯರ್ ಮೈಮೇಲೆ ಬಂದ. ಕುಂತಿ ತಪ್ಪಿಸಿಕೊಂಡು ನದಿಗೆ ಹಾರಿದಳು. ದೋಣಿಯಲ್ಲಿದ್ದ ಒಬ್ಬ ಹುಡುಗ ಎತ್ತಿ ಉಳಿಸಿದ. ಅವಳ ಹೇಳಿಕೆ 1913ರಲ್ಲಿ ಕಲ್ಕತ್ತೆಯ 'ಭಾರತ ಮಿತ್ರ' ಪತ್ರಿಕೆಯಲ್ಲಿ ಅಚ್ಚಾಯಿತು, ದೇಶವೆಲ್ಲ ಕುದಿಯಿತು. ಗಿರ್ಮಿಟ್ ನಿಲ್ಲಿಸುವ ಚಳವಳಿಗೆ ಅವಳ ಕೂಗು ಕಿಚ್ಚು ಹಚ್ಚಿತು. ಆದರೆ ಚಳವಳಿಯ ದೊಡ್ಡವರಿಗೆ ಅವಳು 'ಭಾರತೀಯ ನಾರಿಯ ಮಾನ' ಆದಳೇ ಹೊರತು ಚಮ್ಮಾರ ಕೂಲಿಯಾಗಿ ಉಳಿಯಲಿಲ್ಲ. ಗೋರಖಪುರದ ಠಾಕೂರರ ಹೊಲದಲ್ಲಿ ಇದೇ ನಡೆದಿದ್ದರೆ ಯಾವ ಪತ್ರಿಕೆ ಅಚ್ಚು ಹಾಕುತ್ತಿತ್ತು? ಅವಳು ಹಾರಿದ್ದು ಓವರ್‌ಸಿಯರನ ಕೈ ತಪ್ಪಿಸಿಕೊಳ್ಳಲು, ಯಾರ ದೇಶದ ಮಾನ ಕಾಯಲೂ ಅಲ್ಲ. ಬ್ರಿಜ್ ಲಾಲ್ 1985ರಲ್ಲಿ ಬರೆದ ಲೇಖನದಿಂದ ಅವಳ ಊರು, ಜಾತಿ ನಮಗೆ ತಿಳಿಯಿತು.

1916ರಲ್ಲಿ ಫಿಜಿಗೆ ಕೂಲಿಗಳನ್ನು ತಲುಪಿಸಿದ ಕೊನೆಯ ಹಡಗಿನ ಹೆಸರು 'ಸಟ್ಲೆಜ್'. 1917ರಲ್ಲಿ ಟ್ರಿನಿಡಾಡಿಗೆ ಹೋದ ಕೊನೆಯದು 'ಗ್ಯಾಂಜಿಸ್'. ನದಿಗಳ ಹೆಸರನ್ನು ಹಡಗಿಗೆ ಇಡುವುದು ಆ ನೌರ್ಸ್ ಕಂಪನಿಯ ಪದ್ಧತಿಯಾಗಿತ್ತು.

ಹಡಗು ಓಡಿಸಿದವರ ವಿಷಯವೂ ಇದೆ. ಲಸ್ಕರರು ಅಂತ ಕರೆಸಿಕೊಂಡ ಖಲಾಸಿಗಳು, ಬಾಯ್ಲರಿಗೆ ಕಲ್ಲಿದ್ದಲು ಎಸೆದವರು, ಹೆಚ್ಚಾಗಿ ಪೂರ್ವ ಬಂಗಾಳದ ಬಡ ಮುಸಲ್ಮಾನರು. ಬಿಳಿ ನಾವಿಕನ ಸಂಬಳದ ಒಂದು ಪಾಲು ಇವರಿಗೆ. ಮೊದಲನೆ ಮಹಾಯುದ್ಧದಲ್ಲಿ ಸತ್ತ ಬಂಗಾಳ, ಅಸ್ಸಾಮಿನ 896 ಲಸ್ಕರರಿಗೆ 1924ರಲ್ಲಿ ಕಲ್ಕತ್ತೆಯ ಹೇಸ್ಟಿಂಗ್ಸ್ ಬಳಿ ನದಿದಂಡೆಯಲ್ಲಿ ಒಂದು ಸ್ಮಾರಕ ಕಟ್ಟಿದರು. ಗಿರ್ಮಿಟಿಯಾಗಳಿಗೆ ಕಲ್ಲು ಸಿಗಲು ಇನ್ನೂ ಎಷ್ಟೋ ಕಾಲ ಬೇಕಾಯಿತು. 2015ರಲ್ಲಿ ಗಾರ್ಡನ್ ರೀಚಿನ ಸುರಿನಾಮ್ ಘಾಟಿನಲ್ಲಿ 'ಮಾಯಿ ಬಾಪ್' ಎಂಬ ಪ್ರತಿಮೆ ನಿಂತಿತು. ಗಂಟು ಹೊತ್ತ ಒಬ್ಬ ಗಂಡಸು, ಒಬ್ಬ ಹೆಂಗಸು. ಈ ನಡುವೆ ಹೂಳು ತುಂಬಿದ ನದಿಗೆ ನೀರು ತಿರುಗಿಸಲು 1975ರಲ್ಲಿ ಫರಕ್ಕಾ ಬ್ಯಾರೇಜು ಚಾಲೂ ಆಯಿತು. ಹಡಗುದಾರಿ ತೆರೆದಿಡಲು ಖರ್ಚಾದ ಹಣ ಸಣ್ಣದೇನಲ್ಲ.

ನಮ್ಮ ಹಳ್ಳಿಶಾಲೆಗಳಲ್ಲಿ ಗಾಂಧಿಯನ್ನು 1893ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಿಂದ ಇಳಿಸಿದ ಪಾಠ ಮಾಡುತ್ತೇವೆ, ಮಾಡಲಿ. ಮೇಷ್ಟ್ರುಗಳು ಅದರ ಹಿಂದಿನ ಪಾಠವನ್ನೂ ಹೇಳಬಹುದು. ಅದಕ್ಕೆ 33 ವರ್ಷ ಮೊದಲೇ, 1860ರ ನವೆಂಬರ್ 16ರಂದು, ಮದರಾಸಿನಿಂದ ಹೊರಟ 'ಟ್ರೂರೋ' ಹಡಗು 342 ಜನರನ್ನು ಡರ್ಬನ್ನಿನಲ್ಲಿ ಇಳಿಸಿತ್ತು. ಹತ್ತು ದಿನ ಕಳೆದು ಹೂಗ್ಲಿಯಿಂದ ಹೊರಟಿದ್ದ 'ಬೆಲ್ವಿಡೇರ್' ಅಲ್ಲಿಗೆ ಬಂತು. ಅವರಿಗೆ ಯಾವ ದರ್ಜೆಯ ಟಿಕೆಟ್ಟೂ ಇರಲಿಲ್ಲ, ತಗಡಿನ ನಂಬರಿತ್ತು.