ಕಥಾದಾನ: ಕನ್ನಡ ಶಾಲೆಗಳಲ್ಲಿ ಸಾಹಸಕಥೆಯ ಚರಿತ್ರೆ

ಕಲ್ಪತರು ನಾಡೆನಿಸಿದ ತಿಪಟೂರು ಸೀಮೆಯ ಹಾಲ್ಕುರಿಕೆಯಲ್ಲಿ ಒಮ್ಮೆ ಶಾಲೆಯ ಜಗಲಿಯ ಮೇಲೆ ಕುಳಿತು, ಮೇಷ್ಟರೊಬ್ಬರು ಮಕ್ಕಳಿಗೆ ಕಥೆ ಓದುವುದನ್ನು ನಾವು ಕೇಳಿದೆವು. ದಾರಿ ತಪ್ಪಿದ ಹುಡುಗಿಯೊಬ್ಬಳು ಕಾಡು ದಾಟಿ ಮನೆ ಸೇರುವ ಕಥೆ ಅದು. ಓದು ಒಂದು ಗಳಿಗೆ ನಿಂತರೆ ಸಾಕು, ಮಕ್ಕಳು "ಆಮೇಲೆ, ಸಾರ್?" ಎನ್ನುತ್ತಿದ್ದರು. ಎರಡು ತರಗತಿಗಳನ್ನು ಒಟ್ಟಿಗೆ ನಡೆಸುತ್ತಿದ್ದ ಆ ಮೇಷ್ಟರು ಕಥೆಯನ್ನು ಅಂತರಜಾಲದಿಂದ ಉಚಿತವಾಗಿ ಪಡೆದಿದ್ದರು. ಓದುವ ಮಕ್ಕಳ ಕೈಗೆ ಕಥೆಯನ್ನು ದಾನವಾಗಿ ಇಡುವ ಈ ರೂಢಿ ಹೊಸತಲ್ಲ. ಅದರ ಚರಿತ್ರೆಯಲ್ಲಿ ಕ್ರೈಸ್ತರಿಗೂ ಪಾಲುಂಟು. ಆ ಪಾಲು ಹೆಮ್ಮೆಯೊಡನೆ ಆತ್ಮಪರಿಶೋಧನೆಯನ್ನೂ ಬೇಡುತ್ತದೆ.

ಪವಿತ್ರ ಗ್ರಂಥವೇ ಸಾಹಸಕಥೆಗೆ ಅಪರಿಚಿತವಲ್ಲ. ಯೋನನ ಪಲಾಯನ, ದಾವೀದನ ಕವಣೆ, ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯದಲ್ಲಿ ಬರುವ ಸಂತ ಪೌಲರ ಹಡಗಿನ ದುರಂತ, ಇವೆಲ್ಲವೂ "ಆಮೇಲೆ?" ಎಂದು ಕೇಳಿಸುವ ಕಥನಗಳೇ. ಯೇಸುಸ್ವಾಮಿಯೂ ಜನರಿಗೆ ಸಾಮತಿಗಳ ಮೂಲಕವೇ ಬೋಧಿಸಿದರೆಂದು ಸಂತ ಮಾರ್ಕರು ದಾಖಲಿಸುತ್ತಾರೆ.

ಇನ್ನು ಕನ್ನಡದ ಚರಿತ್ರೆಗೆ ಬರೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆ ತೆರೆದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಇತ್ತ ತುಮಕೂರು ಸೀಮೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಶನರಿಗಳು 1830ರ ದಶಕದ ಕೊನೆಗೇ ನೆಲೆಯೂರಿದ್ದರು. ಶಾಲೆಯಿದ್ದೆಡೆ ಓದುವ ಪುಸ್ತಕ ಬೇಕಾಯಿತು. 1847ರಲ್ಲಿ ಮಂಗಳೂರಿನಿಂದ 'ಯಾತ್ರಿಕನ ಸಂಚಾರ' ಹೊರಬಂದಿತು. ಇಂಗ್ಲೆಂಡಿನ ಜಾನ್ ಬನಿಯನ್ 1678ರಲ್ಲಿ ಪ್ರಕಟಿಸಿದ ಕೃತಿಯ ಕನ್ನಡ ರೂಪವಿದು. ಬೆನ್ನಿನ ಮೇಲೆ ಹೊರೆ, ಮುಂದೆ ಕೆಸರಿನ ಮಡು, ದಾರಿಯಲ್ಲಿ ಸಿಂಹಗಳು, ದೈತ್ಯನ ಕೋಟೆ: ಉದ್ದೇಶ ಧರ್ಮೋಪದೇಶವಾದರೂ ಇದರ ಮೈಕಟ್ಟು ಸಾಹಸಕಥೆಯದು. ಗದ್ಯದಲ್ಲಿ ನೀಳವಾದ ಕಥೆಯನ್ನು ಅಚ್ಚಿನಲ್ಲಿ ಓದುವ ಅನುಭವವನ್ನು ಅನೇಕ ಕನ್ನಡಿಗರಿಗೆ ಇಂಥ ಕೃತಿಗಳು ಒದಗಿಸಿದವು.

ಆದರೆ ಇಲ್ಲಿ ಒಂದು ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳಲಾಗದು. ಆ ಕಥೆಗಳು ದಾನವೋ, ಗಾಳದ ಎರೆಯೋ? ಮಿಶನರಿಗಳು ಕಥೆಯನ್ನು ಕೊಟ್ಟದ್ದು ಬಹುಮಟ್ಟಿಗೆ ಮತಾಂತರದ ನಿರೀಕ್ಷೆಯಿಂದಲೇ ಎಂಬುದನ್ನು ಒಪ್ಪಿಕೊಳ್ಳಬೇಕು. ಅದೇ ಸಮಯದಲ್ಲಿ, ಅಕ್ಷರದಿಂದ ದೂರವಿಡಲಾಗಿದ್ದ ಮನೆಗಳ ಮಕ್ಕಳಿಗೂ ಅವರ ಶಾಲೆಗಳು ಬಾಗಿಲು ತೆರೆದವೆಂಬುದನ್ನು ಮರೆಯುವಂತಿಲ್ಲ. ಅವರಲ್ಲಿ ಕೆಲವರು ಕೊಡುವುದರೊಡನೆ ಪಡೆಯಲೂ ಕಲಿತರು. 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಆರಂಭಿಸಿದ ಹರ್ಮನ್ ಮೋಗ್ಲಿಂಗ್, 1848ರಿಂದ 'ಬಿಬ್ಲಿಯೋತಿಕಾ ಕರ್ನಾಟಿಕಾ' ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತಗಳಂಥ ಕನ್ನಡದ ಕಾವ್ಯಗಳನ್ನೇ ಅಚ್ಚು ಮಾಡಿಸಿದರು. ಕೊಡಲು ಬಂದವನು ಕೇಳುಗನೂ ಆದಾಗಲೇ ದಾನಕ್ಕೆ ಮಾನ ಬರುತ್ತದೆ.

ಮುಂದಿನ ಹೆಜ್ಜೆಯನ್ನು ಇಟ್ಟವರು ಕನ್ನಡದ ಶಿಕ್ಷಕರೇ. ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಯಾಗಿ ದುಡಿದ ಪಂಜೆ ಮಂಗೇಶರಾಯರು (1874–1937) ತುಳುನಾಡಿನ ಪಾಡ್ದನಗಳ ವೀರರಾದ ಕೋಟಿ ಚೆನ್ನಯರ ಸಾಹಸವನ್ನು ಎಳೆಯರಿಗಾಗಿ ಕನ್ನಡ ಗದ್ಯದಲ್ಲಿ ಹೇಳಿದರು. ಅವರು ಸಂಪಾದಿಸಿದ ಪದ್ಯಪುಸ್ತಕಗಳನ್ನು ಪ್ರಕಟಿಸಿದ್ದು ಬಾಸೆಲ್ ಮಿಶನ್ ಮುದ್ರಣಾಲಯ. ಮಕ್ಕಳಿಗೆ ಪರದೇಶದ ಯಾತ್ರಿಕನ ಜೊತೆಗೆ ತಮ್ಮ ನೆಲದ ವೀರರೂ ದೊರೆತರು. ಯಾವ ಕಥೆ ತನ್ನ ತರಗತಿಗೆ ತಕ್ಕುದೆಂಬುದನ್ನು ಬಲ್ಲವನು ಶಿಕ್ಷಕನೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಪರಂಪರೆಯ ಇಂದಿನ ಕೊಂಡಿ ಬೆಂಗಳೂರಿನ ಪ್ರಥಮ್ ಬುಕ್ಸ್. ಅದು 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು, 'ಸ್ಟೋರಿವೀವರ್' ಎಂಬ ಕಥಾಭಂಡಾರವನ್ನು ತೆರೆಯಿತು. ಅಲ್ಲಿನ ಕಥೆಗಳನ್ನು ಯಾರು ಬೇಕಾದರೂ ಓದಬಹುದು, ಮುದ್ರಿಸಬಹುದು, ಅನುವಾದಿಸಬಹುದು. ಮೂಲ ಕರ್ತೃಗಳ ಹೆಸರನ್ನು ಕಾಣಿಸಿದರೆ ಸಾಕು. ಪಡೆದವನು ಏನಾಗಬೇಕೆಂಬ ಷರತ್ತು ಅಲ್ಲಿಲ್ಲ. ಉಚಿತವಾಗಿ ಪಡೆದುದನ್ನು ಉಚಿತವಾಗಿ ಕೊಡಬೇಕೆಂಬ ಪ್ರಭುವಿನ ಆಜ್ಞೆಯನ್ನು ನಿತ್ಯ ಬೋಧಿಸುವ ನಮಗೆ ಈ ಲೌಕಿಕ ಸಂಸ್ಥೆಯಿಂದ ಕಲಿಯತಕ್ಕದ್ದಿದೆ. ದೈವಶಾಸ್ತ್ರದಲ್ಲಿ ನಾವು ವರಪ್ರಸಾದವೆನ್ನುವುದೂ ಬೆಲೆ ಕೇಳದ ಕೊಡುಗೆಯನ್ನೇ ಅಲ್ಲವೇ?

ಶಾಲೆಯ ಗುರಿ ಕೈಗೂಡುವುದು ಬಹುತೇಕ ಶಿಕ್ಷಕರಿಂದಲೇ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣ ಕುರಿತ ತನ್ನ ಘೋಷಣೆಯಲ್ಲಿ ನೆನಪಿಸಿತು. ಜಗದ್ಗುರು ಫ್ರಾನ್ಸಿಸರು 2024ರ ಜುಲೈ 17ರ ಪತ್ರದಲ್ಲಿ, ಯಾಜಕರ ರೂಪಣೆಯಲ್ಲಿ ಕಥೆ ಕಾವ್ಯಗಳ ಓದು ಬಿಡುವಿನ ವಿನೋದವಲ್ಲ, ಅವಶ್ಯಕವಾದುದೆಂದು ತಿಳಿಸಿದರು. ಈ ಎರಡು ಮಾತುಗಳನ್ನು ನಮ್ಮ ಗುರುಮಠಗಳು ಜೊತೆಯಾಗಿ ಕೇಳಿಸಿಕೊಳ್ಳಬೇಕು. ನಾಳೆ ಧರ್ಮಕೇಂದ್ರಕ್ಕೆ ಹೋಗುವ ಗುರುವಿದ್ಯಾರ್ಥಿಯು ಹತ್ತಿರದ ಶಾಲೆಯ ಮೇಷ್ಟರಿಗೆ ಒಂದು ಒಳ್ಳೆಯ ಕಥೆಯನ್ನು ಒಯ್ದು ಕೊಡಲಿ. ಅದಕ್ಕೆ ಬಾಲವಾಗಿ ಉಪದೇಶವನ್ನು ಕಟ್ಟದಿರಲಿ.

ಹಾಲ್ಕುರಿಕೆಯ ಆ ಮಕ್ಕಳು ಕೇಳಿದ್ದು "ಇದರ ನೀತಿಯೇನು?" ಎಂದಲ್ಲ, "ಆಮೇಲೆ?" ಎಂದು. ಆ ಪ್ರಶ್ನೆಯನ್ನು ಉಳಿಸಿಕೊಂಡ ಮಗು ಸತ್ಯದ ದಾರಿಯಲ್ಲಿ ಇನ್ನೂ ನಡೆಯುತ್ತಿರುತ್ತದೆಂದು ನಾವು ನಂಬುತ್ತೇವೆ.