ಬ್ಯಾಟರಿಗೆ ಬಿಡಲಿಲ್ಲ, ಎರಡು ಸಿಮ್ಮಿಗೆ ಬಿಟ್ಟೆವು

ಕೆಟ್ಟ ಮಾಲು ಕೊಟ್ಟ ಕಂಪನಿಯ ಕಡೆ ಜನ ಮತ್ತೆ ತಿರುಗಿ ನೋಡುವುದಿಲ್ಲ ಎನ್ನುವುದು ಎಲ್ಲರೂ ಹೇಳುವ ಮಾತು. ಮೊಬೈಲ್ ಫೋನಿನ ಚರಿತ್ರೆ ನೋಡಿದರೆ ಹಾಗೆ ಕಾಣುವುದಿಲ್ಲ. ಹತ್ತು ವರ್ಷದೊಳಗೆ ಎರಡು ದೊಡ್ಡ ಕಂಪನಿಗಳು ತಮ್ಮ ಬ್ಯಾಟರಿಯಲ್ಲಿ ದೋಷವಿದೆ, ವಾಪಸ್ ಕೊಡಿ ಎಂದು ಗಿರಾಕಿಗಳ ಮುಂದೆ ಬಂದು ನಿಂತವು. 2007ರಲ್ಲಿ ನೋಕಿಯಾ, 2016ರಲ್ಲಿ ಸ್ಯಾಮ್‌ಸಂಗ್. ನಮ್ಮ ಜನ ಆಗ ಎರಡನ್ನೂ ಬಿಡಲಿಲ್ಲ. ಬಿಟ್ಟದ್ದು ಆಮೇಲೆ, ಬೇರೆಯೇ ಕಾರಣಕ್ಕೆ. ಆ ಕಾರಣ ತಿಳಿದರೆ ಹಳ್ಳಿಯ ಗಿರಾಕಿ ಯಾರನ್ನು ನಂಬುತ್ತಾನೆ, ಆ ನಂಬಿಕೆ ಅವನನ್ನು ಎಲ್ಲಿ ಕಾಪಾಡುವುದಿಲ್ಲ ಎನ್ನುವುದೂ ತಿಳಿಯುತ್ತದೆ.

ನಾಲ್ಕು ಕೋಟಿ 60 ಲಕ್ಷ ಬ್ಯಾಟರಿ

2007ರ ಆಗಸ್ಟ್ 14ರಂದು ನೋಕಿಯಾ ಒಂದು ಸೂಚನೆ ಹೊರಡಿಸಿತು. ಜಪಾನಿನ ಮತ್ಸುಶಿಟಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಿಸಿಕೊಟ್ಟ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ಶಾರ್ಟ್ ಸರ್ಕಿಟ್ ಆಗಿ ವಿಪರೀತ ಬಿಸಿಯಾಗಬಹುದು ಎಂದು ಅದರಲ್ಲಿತ್ತು. ಅಂಥ ಬ್ಯಾಟರಿಗಳ ಸಂಖ್ಯೆ 4.6 ಕೋಟಿ. ಆ ಹೊತ್ತಿಗೆ ಜಗತ್ತಿನಾದ್ಯಂತ ವರದಿಯಾಗಿದ್ದ ಪ್ರಕರಣಗಳು ಸುಮಾರು 100. ಯಾರಿಗೂ ಗಂಭೀರ ಗಾಯವಾದ ವರದಿ ಇರಲಿಲ್ಲ.

ಬಿಎಲ್-5ಸಿ ಎಂದರೆ ಸಾಮಾನ್ಯ ಬ್ಯಾಟರಿಯಲ್ಲ. ಟಾರ್ಚ್ ಇದ್ದ ನೋಕಿಯಾ 1100ರ ಹೊಟ್ಟೆಯಲ್ಲಿ ಇದ್ದದ್ದು ಅದೇ. ನಮ್ಮ ಕಡೆ ಅನೇಕ ಮನೆಗಳಿಗೆ ಬಂದ ಮೊದಲ ಫೋನು ಆ 1100. ರಾತ್ರಿ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವವರಿಗೆ ಅದು ಫೋನೂ ಹೌದು, ಬ್ಯಾಟರಿ ಲೈಟೂ ಹೌದು. ಅಂಥ ಫೋನು ಸಿಡಿಯುತ್ತದಂತೆ ಎಂಬ ಸುದ್ದಿ ಟಿವಿಯಲ್ಲಿ ಬಂದಾಗ ಗಾಬರಿ ಹಬ್ಬಿತು. ನಗರಗಳ ನೋಕಿಯಾ ಸರ್ವೀಸ್ ಸೆಂಟರ್‌ಗಳ ಮುಂದೆ ಜನ ಸೇರಿದರು. ಬ್ಯಾಟರಿ ಕಳಚಿ, ಹಿಂಬದಿಯಲ್ಲಿರುವ 26 ಅಕ್ಷರ-ಅಂಕಿಗಳ ಗುರುತನ್ನು ಓದಿ, ತಮ್ಮದು ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕಿತ್ತು. ಇದ್ದರೆ ಹೊಸ ಬ್ಯಾಟರಿ ಪುಕ್ಕಟೆ.

ಇಷ್ಟಾದರೂ ನೋಕಿಯಾ ಬಿದ್ದುಹೋಗಲಿಲ್ಲ. ಮುಂದಿನ ಎರಡು ಮೂರು ವರ್ಷ ಭಾರತದ ಮಾರುಕಟ್ಟೆಯ ದೊಡ್ಡ ಪಾಲು ಅದರದ್ದೇ ಆಗಿತ್ತು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ದೋಷ ಫೋನಿನದಲ್ಲ, ಕಳಚಿ ಬದಲಿಸಬಹುದಾದ ಒಂದು ಬ್ಯಾಟರಿಯದು. ಎತ್ತಿನ ಗಾಡಿಯ ಕೀಲು ಮುರಿದರೆ ಯಾರೂ ಗಾಡಿ ಬಿಸಾಡುವುದಿಲ್ಲ.

ಬಿಟ್ಟದ್ದು ಯಾವಾಗ

2008ರಿಂದಾಚೆ ಹೊಸ ಹೊಸ ಟೆಲಿಕಾಂ ಕಂಪನಿಗಳು ಬಂದವು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು. ಊರಲ್ಲಿ ಒಂದು ಕಂಪನಿಯ ಸಿಗ್ನಲ್, ಹೊಲದಲ್ಲಿ ಇನ್ನೊಂದರದ್ದು. ಒಂದರಲ್ಲಿ ಮಾತಾಡಲು ಅಗ್ಗ, ಇನ್ನೊಂದು ನಂಬರ್ ನೆಂಟರಿಗೆಲ್ಲ ಕೊಟ್ಟಾಗಿದೆ. ಎರಡಕ್ಕೂ ಕರೆನ್ಸಿ ಹಾಕಿಸಿ, ಜೇಬಲ್ಲಿ ಸಿಮ್ ಇಟ್ಟುಕೊಂಡು, ಬೇಕಾದಾಗ ಬ್ಯಾಟರಿ ಕಳಚಿ ಬದಲಿಸುವ ಕಾಲ ಅದು.

ಆಗ ಡಬಲ್ ಸಿಮ್ ಸೆಟ್‌ಗಳು ಬಂದವು. ಮೊದಲು ಹೆಸರಿಲ್ಲದ ‘ಚೈನಾ ಸೆಟ್’ಗಳು, ಹಿಂದೆಯೇ ಮೈಕ್ರೋಮ್ಯಾಕ್ಸ್, ಸ್ಪೈಸ್, ಕಾರ್ಬನ್. ಕಾರ್ಬನ್‌ನಲ್ಲಿ ನಮ್ಮ ಬೆಂಗಳೂರಿನ ಯುಟಿಎಲ್ ಕಂಪನಿಯೂ ಪಾಲುದಾರ. ಮೈಕ್ರೋಮ್ಯಾಕ್ಸ್ ತನ್ನ ಎಕ್ಸ್1ಐ ಸೆಟ್ಟನ್ನು ಮಾರಿದ್ದೇ ಒಮ್ಮೆ ಚಾರ್ಜ್ ಮಾಡಿದರೆ 30 ದಿನ ಸ್ಟ್ಯಾಂಡ್‌ಬೈ ಇರುತ್ತದೆ ಎಂದು ಹೇಳಿ. ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಗೊತ್ತಿಲ್ಲದ ಊರುಗಳಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ನೋಕಿಯಾ ತನ್ನ ಮೊದಲ ಎರಡು ಸಿಮ್ ಫೋನು ಸಿ1-00 ಅನ್ನು ಪ್ರಕಟಿಸಿದ್ದು 2010ರಲ್ಲಿ. ಅದರಲ್ಲಿ ಒಂದು ಸಲಕ್ಕೆ ಒಂದೇ ಸಿಮ್ ಕೆಲಸ ಮಾಡುತ್ತಿತ್ತು. ಅಷ್ಟರಲ್ಲಿ ಜನ ಆಚೆ ದಾಟಿಯಾಗಿತ್ತು. ಹಿಂದೆಯೇ ಬಂದ ಆ್ಯಂಡ್ರಾಯ್ಡ್ ಉಳಿದದ್ದನ್ನೂ ಕೊಂಡೊಯ್ದಿತು. ಚೆನ್ನೈ ಬಳಿಯ ಶ್ರೀಪೆರಂಬುದೂರಿನ ನೋಕಿಯಾ ಕಾರ್ಖಾನೆ 2014ರ ನವೆಂಬರ್ 1ರಂದು ಬಾಗಿಲು ಹಾಕಿತು.

ಸಿಡಿಯಬಹುದಾದ ಬ್ಯಾಟರಿಗೆ ನೋಕಿಯಾ ಬಿಡದ ಜನ ಎರಡನೇ ಸಿಮ್ಮಿಗೆ ಬಿಟ್ಟರು.

ಮಾರಾಟಕ್ಕೆ ಮೊದಲೇ ನಿಂತ ಫೋನು

ಎರಡನೆಯ ಕಥೆ ಇದಕ್ಕಿಂತ ದುಬಾರಿ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7 ನ್ಯೂಯಾರ್ಕ್‌ನಲ್ಲಿ ಬಿಡುಗಡೆಯಾದದ್ದು 2016ರ ಆಗಸ್ಟ್ 2ರಂದು. ಆಗಸ್ಟ್ 19ಕ್ಕೆ ಕೊರಿಯಾ, ಅಮೆರಿಕಗಳಲ್ಲಿ ಮಾರಾಟ ಶುರು. ಎರಡು ವಾರ ಕಳೆಯುವುದರೊಳಗೆ ಬ್ಯಾಟರಿ ಹೊತ್ತಿಕೊಂಡ 35 ಪ್ರಕರಣಗಳು ಕಂಪನಿಯ ಲೆಕ್ಕಕ್ಕೆ ಬಂದವು. ಸೆಪ್ಟೆಂಬರ್ 2ರಂದು 25 ಲಕ್ಷ ಫೋನುಗಳನ್ನು ವಾಪಸ್ ಪಡೆಯುವುದಾಗಿ ಸ್ಯಾಮ್‌ಸಂಗ್ ಹೇಳಿತು.

ಬದಲಿಗೆ ಕೊಟ್ಟ ಫೋನುಗಳೂ ಸುಟ್ಟವು. ಅಕ್ಟೋಬರ್ 5ರಂದು ಅಮೆರಿಕದ ಲೂಯಿವಿಲ್ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ವಿಮಾನದೊಳಗೆ ಅಂಥದೊಂದು ಫೋನು ಹೊಗೆಯಾಡಿ, ಎಲ್ಲರನ್ನೂ ಕೆಳಗಿಳಿಸಬೇಕಾಯಿತು. ಅಕ್ಟೋಬರ್ 11ಕ್ಕೆ ನೋಟ್ 7ರ ತಯಾರಿಕೆಯೇ ನಿಂತಿತು. ಆ ತ್ರೈಮಾಸಿಕಕ್ಕೆ 7.8 ಲಕ್ಷ ಕೋಟಿ ವಾನ್ ಎಂದಿದ್ದ ಲಾಭದ ಅಂದಾಜನ್ನು ಕಂಪನಿ 5.2 ಲಕ್ಷ ಕೋಟಿ ವಾನ್‌ಗೆ ಇಳಿಸಿತು.

ಕಾರಣ ಹೊರಬಂದದ್ದು 2017ರ ಜನವರಿ 23ರಂದು. ಸುಮಾರು 700 ಎಂಜಿನಿಯರುಗಳು 2 ಲಕ್ಷ ಫೋನು, 30 ಸಾವಿರ ಬ್ಯಾಟರಿಗಳನ್ನು ಪರೀಕ್ಷಿಸಿದ್ದರು. ಬ್ಯಾಟರಿ ಒದಗಿಸಿದವರು ಇಬ್ಬರು, ದೋಷವೂ ಎರಡು. ಮೊದಲನೆಯವರ ಬ್ಯಾಟರಿಯಲ್ಲಿ ಮೂಲೆಗೆ ಜಾಗ ಸಾಲದೆ ಒಳಗಿನ ಪದರ ಬಾಗಿತ್ತು. ಎರಡನೆಯವರ ಬ್ಯಾಟರಿಯಲ್ಲಿ ಬೆಸುಗೆಯ ಚೂಪಾದ ಉಬ್ಬುಗಳು ಉಳಿದಿದ್ದವು. ಒಂದನ್ನು ಬಿಟ್ಟು ಇನ್ನೊಂದನ್ನು ಅವಸರದಲ್ಲಿ ಹಾಕಿದ್ದಕ್ಕೆ ಎರಡನೆಯ ಸಲವೂ ಬೆಂಕಿ ಹೊತ್ತಿತು.

ಹಾಗಾದರೆ ನೋಟ್ 7 ಕೊಂಡವರು ಓಡಿಹೋದರೇ? ಅಮೆರಿಕದಲ್ಲಿ ಸ್ಯಾಮ್‌ಸಂಗ್ ಒಂದು ಉಪಾಯ ಮಾಡಿತು. ಫೋನು ವಾಪಸ್ ಕೊಟ್ಟು ಸ್ಯಾಮ್‌ಸಂಗ್‌ನದೇ ಬೇರೆ ಫೋನು ಕೊಂಡವರಿಗೆ 100 ಡಾಲರ್‌ವರೆಗೆ ರಿಯಾಯಿತಿ, ಹಣ ವಾಪಸ್ ಪಡೆದವರಿಗೆ ಅಥವಾ ಬೇರೆ ಕಂಪನಿಗೆ ಹೋದವರಿಗೆ 25 ಡಾಲರ್. ಬ್ರ್ಯಾಂಡ್ ನಿಷ್ಠೆಗೆ ಕಂಪನಿ ತಾನೇ ಕಟ್ಟಿದ ಬೆಲೆ ಅದು: 75 ಡಾಲರ್. ನೋಟ್ 7ಕ್ಕೆ ಹೊಸ, ಸಣ್ಣ ಬ್ಯಾಟರಿ ಹಾಕಿ 2017ರ ಜುಲೈನಲ್ಲಿ ಕೊರಿಯಾದಲ್ಲಿ ಮತ್ತೆ ಮಾರಿದರು. 4 ಲಕ್ಷ ಫೋನು. ಇಟ್ಟ ಹೆಸರು ‘ಫ್ಯಾನ್ ಎಡಿಷನ್’, ಅಂದರೆ ಅಭಿಮಾನಿಗಳ ಆವೃತ್ತಿ. 2016ರ ಕೊನೆಯ ಮೂರು ತಿಂಗಳಲ್ಲಿ ಆಪಲ್ ಸ್ವಲ್ಪ ಮುಂದೆ ಹೋದರೂ, 2016 ಮತ್ತು 2017ರ ಪೂರ್ತಿ ವರ್ಷದ ಲೆಕ್ಕದಲ್ಲಿ ಜಗತ್ತಿನಲ್ಲಿ ಹೆಚ್ಚು ಸ್ಮಾರ್ಟ್‌ಫೋನ್ ಮಾರಿದ್ದು ಸ್ಯಾಮ್‌ಸಂಗೇ.

ನಮ್ಮ ಕಡೆ ಆ ವಾರದ ಸುದ್ದಿ ಬೇರೆ

ಭಾರತದಲ್ಲಿ ನೋಟ್ 7ರ ಬೆಲೆ 59,900 ರೂಪಾಯಿ ಎಂದು ಗೊತ್ತಾಗಿತ್ತು, ಬುಕಿಂಗ್ ನಡೆದಿತ್ತು. ಮಾರಾಟ ಶುರುವಾಗಬೇಕಿದ್ದ ದಿನ ಸೆಪ್ಟೆಂಬರ್ 2. ಅದೇ ದಿನ ಎಲ್ಲ ನಿಂತಿತು. ಇಲ್ಲಿ ಅಂಗಡಿಗೇ ಬಾರದ ಆ ಫೋನನ್ನು ವಿಮಾನದಲ್ಲಿ ಆನ್ ಮಾಡಬಾರದು, ಚಾರ್ಜ್ ಮಾಡಬಾರದು ಎಂದು ನಾಗರಿಕ ವಿಮಾನಯಾನ ನಿರ್ದೇಶನಾಲಯ ಸೂಚನೆಯನ್ನೂ ಹೊರಡಿಸಿತು.

ಮೂರು ದಿನ ಬಿಟ್ಟು, ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಪುಕ್ಕಟೆ ಡೇಟಾ, ಪುಕ್ಕಟೆ ಮಾತು, ಆದರೆ 4ಜಿ ಫೋನು ಬೇಕು. ತಾಲ್ಲೂಕು ಕೇಂದ್ರಗಳಲ್ಲಿ ಸಿಮ್ಮಿಗೆ ಸಾಲು ನಿಂತವರಿಗೆ ನೋಟ್ 7ರ ಚಿಂತೆ ಇರಲಿಲ್ಲ. ಅವರ ಪ್ರಶ್ನೆ ಒಂದೇ: ಕಡಿಮೆ ದುಡ್ಡಿಗೆ ಯಾವ ಫೋನಿನಲ್ಲಿ ಜಿಯೋ ಓಡುತ್ತದೆ? 2017ರ ಜನವರಿಯಲ್ಲಿ ಶಿಯೋಮಿಯ ರೆಡ್ಮಿ ನೋಟ್ 4 ಬಂತು, 9,999 ರೂಪಾಯಿಯಿಂದ ಶುರು. ಆ ವರ್ಷದ ಕೊನೆಯ ತ್ರೈಮಾಸಿಕದಲ್ಲಿ ಕೌಂಟರ್‌ಪಾಯಿಂಟ್ ಸಂಸ್ಥೆಯ ಲೆಕ್ಕದಂತೆ ಭಾರತದಲ್ಲಿ ಶಿಯೋಮಿಯ ಪಾಲು ಶೇ 25, ಸ್ಯಾಮ್‌ಸಂಗ್‌ನದು ಶೇ 23. ಸ್ಯಾಮ್‌ಸಂಗ್ ಇಲ್ಲಿ ಮೊದಲ ಸ್ಥಾನ ಕಳೆದುಕೊಂಡದ್ದು ಬೆಂಕಿಯಿಂದಲ್ಲ, ಹತ್ತು ಸಾವಿರದ ಒಳಗಿನ ಪೈಪೋಟಿಯಿಂದ.

ಆದರೂ ನಮ್ಮಲ್ಲಿ ಅನೇಕರು ಸ್ಯಾಮ್‌ಸಂಗ್ ಬಿಡಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಆ ಕಂಪನಿ 535 ಸರ್ವೀಸ್ ವ್ಯಾನ್‌ಗಳನ್ನು ತಾಲ್ಲೂಕುಗಳಿಗೆ ಕಳಿಸಲು ಶುರು ಮಾಡಿತ್ತು. ಫೋನು ಕೆಟ್ಟರೆ ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತಿ, ಒಂದು ದಿನದ ಕೂಲಿ ಕಳೆದುಕೊಳ್ಳುವವರಿಗೆ ರಿಪೇರಿ ಎಷ್ಟು ದೂರ ಎನ್ನುವುದೇ ಬ್ರ್ಯಾಂಡಿನ ಗುಣ.

ಬಿಲ್ ಇದ್ದವರಿಗೆ ಮಾತ್ರ

ಎರಡೂ ಕಥೆಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕಂಪನಿಗಳು ವಾಪಸ್ ಪಡೆದದ್ದು ತಮ್ಮ ಲೆಕ್ಕದ ಪುಸ್ತಕದಲ್ಲಿದ್ದ ಮಾಲನ್ನು. ಮಾರಿದ 30 ಲಕ್ಷ ನೋಟ್ 7ಗಳಲ್ಲಿ ಶೇ 96ರಷ್ಟು ವಾಪಸ್ ಬಂದದ್ದು ಪ್ರತಿ ಫೋನಿಗೂ ದಾಖಲೆ ಇದ್ದುದರಿಂದ. ಕೊಡದೆ ಉಳಿದವರ ಫೋನು ಚಾರ್ಜೇ ಆಗದಂತೆ ಅಮೆರಿಕದಲ್ಲಿ ಸಾಫ್ಟ್‌ವೇರ್ ಕಳಿಸಿ ನಿಲ್ಲಿಸಿದರು.

ನಮ್ಮ ಸಂತೆಯ ಮಾಲಿಗೆ ಇಂಥ ದಾಖಲೆ ಇಲ್ಲ. ಬಿಎಲ್-5ಸಿ ಅಳತೆಯ ಬ್ಯಾಟರಿ ಇವತ್ತೂ ಜಾತ್ರೆಯ ಎಫ್‌ಎಂ ರೇಡಿಯೋ, ಭಜನೆ ಹಾಡುವ ಪುಟ್ಟ ಸ್ಪೀಕರ್‌ಗಳಲ್ಲಿ ಸಿಗುತ್ತದೆ. ಅದರ ಮೇಲೆ ಯಾರದೋ ಹೆಸರು. ಹಳೇ ಫೋನು ಕೈಯಿಂದ ಕೈಗೆ ಬರುತ್ತದೆ, ಉಬ್ಬಿದ ಬ್ಯಾಟರಿ ಬದಲಿಸಿದರೆ ಬಿಲ್ ಇಲ್ಲ. ನಾವು ನಂಬುವುದು ಬ್ರ್ಯಾಂಡನ್ನಲ್ಲ, ಬಸ್‌ಸ್ಟ್ಯಾಂಡ್ ಎದುರಿನ ರಿಪೇರಿ ಅಂಗಡಿಯವನನ್ನು. ಆ ನಂಬಿಕೆ ಸುಳ್ಳಲ್ಲ. ಅರ್ಧ ರಾತ್ರಿಗೆ ಫೋನ್ ಮಾಡಿದರೂ ಬಾಗಿಲು ತೆಗೆಯುವವನು ಅವನೇ. ಆದರೆ ಅವನು ಹಾಕಿದ ಬ್ಯಾಟರಿ ಕೆಟ್ಟ ಲಾಟಿನದು ಎಂದು ಅವನಿಗೂ ಯಾರೂ ತಿಳಿಸುವುದಿಲ್ಲ.

ಕಾನೂನು ಈಗ ಮೊದಲಿಗಿಂತ ಗಟ್ಟಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅಪಾಯಕಾರಿ ಮಾಲನ್ನು ವಾಪಸ್ ಪಡೆಯಿರಿ ಎಂದು ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಫೋನು ಎಲ್ಲಿಯೇ ಕೊಂಡಿರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು. ಮಾಲಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಆದರೆ ಅಲ್ಲಿಯೂ ಮೊದಲು ಕೇಳುವುದು ಕೊಂಡದ್ದಕ್ಕೆ ಏನು ಗುರುತು ಎಂದು.

ನಮ್ಮಂಥ ವರದಿಗಾರರಿಗೂ ಇದರಲ್ಲಿ ಕೆಲಸವಿದೆ. ‘ಮೊಬೈಲ್ ಸ್ಫೋಟ, ಬಾಲಕನಿಗೆ ಗಾಯ’ ಎಂಬ ಎರಡು ಸಾಲಿನ ಸುದ್ದಿಯಿಂದ ಭಯ ಹುಟ್ಟುತ್ತದೆ, ತಿಳಿವಳಿಕೆ ಹುಟ್ಟುವುದಿಲ್ಲ. ಯಾವ ಮಾಡೆಲ್, ಬ್ಯಾಟರಿ ಕಂಪನಿಯದೋ ಹೊರಗೆ ಹಾಕಿಸಿದ್ದೋ, ಯಾವ ಚಾರ್ಜರ್, ಎಲ್ಲಿ ಕೊಂಡದ್ದು, ಬಿಲ್ ಇದೆಯೇ? ಈ ಐದನ್ನು ಕೇಳಿ ಬರೆದರೆ ಒಂದು ಜಿಲ್ಲೆಯ ಹತ್ತು ಸುದ್ದಿ ಸೇರಿ ಒಂದು ದಾಖಲೆಯಾಗುತ್ತದೆ. 35 ಪ್ರಕರಣ ಒಂದೆಡೆ ಲೆಕ್ಕಕ್ಕೆ ಸಿಕ್ಕಿದ್ದರಿಂದಲೇ 25 ಲಕ್ಷ ಫೋನುಗಳು ವಾಪಸ್ ಬಂದವು.

ಹೊಸ ಬ್ಯಾಟರಿ ಹಾಕಿಸಿದರೆ ಒಂದು ಚೀಟಿಯಲ್ಲಾದರೂ ತಾರೀಖು, ಬ್ಯಾಟರಿಯ ನಂಬರ್ ಬರೆಸಿ ಅಂಗಡಿಯ ಸೀಲು ಹಾಕಿಸಿಕೊಳ್ಳಿ. ಬ್ರ್ಯಾಂಡ್ ಯಾವುದೇ ಇರಲಿ, ನಾಳೆ ನಿಮ್ಮ ಕಡೆ ಮಾತಾಡುವುದು ಆ ಚೀಟಿ.